ಫೈಬರ್ ದೋಣಿಯ ಹೊರಮೈ ಪುನಶ್ಚೇತನ ಕೆಲಸದಲ್ಲಿ ಆಗಿರುವ ಲೋಪದ ಕುರಿತು ದೂರು

ಇಂದ,
ದೋಣಿಯ ಮಾಲೀಕರು,
ಕೋಡಿ ಬೆಂಗ್ರೆ, ಉಡುಪಿ ಜಿಲ್ಲೆ.

ಗೆ,
ವ್ಯವಸ್ಥಾಪಕರು,
ದೋಣಿ ದುರಸ್ತಿ ಮತ್ತು ಪಾಲಿಶ್ ಸೇವಾ ವಿಭಾಗ.

ಮಾನ್ಯರೇ,

ವಿಷಯ: ಹಣ ಪಡೆದ ಕೆಲಸವನ್ನು ಮಾಡದೆ, ಮಾಸಿದ ಮೇಲ್ಮೈಯ ಮೇಲೆಯೇ ವ್ಯಾಕ್ಸ್ ಬಳಿದು ದೋಣಿಯನ್ನು ಹಿಂದಿರುಗಿಸಿರುವ ಬಗ್ಗೆ.

ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ನನ್ನ ಕಡುನೀಲಿ ಬಣ್ಣದ ಫೈಬರ್ ದೋಣಿಯನ್ನು ಮಳೆಗಾಲದಲ್ಲಿ ದಡಕ್ಕೆ ಎಳೆದಿದ್ದಾಗ, ಅದರ ಹೊರಮೈಯನ್ನು ಸರಿಪಡಿಸುವ ಕೆಲಸವನ್ನು ತಮಗೆ ವಹಿಸಿದ್ದೆ. ತೊಳೆಯುವುದು, ನೀರು ಹಾಕಿ ಉಜ್ಜುವ ಮರಳುಕಾಗದವಾದ ವಾಟರ್ ಪೇಪರ್‌ನಿಂದ ಉಜ್ಜುವುದು, ಕಾಂಪೌಂಡ್ ಎಂಬ ಉಜ್ಜುವ ಲೇಪ ಹಚ್ಚಿ, ತಿರುಗುವ ಪ್ಯಾಡಿನ ಯಂತ್ರದಿಂದ ತಿಕ್ಕಿ ನಯಗೊಳಿಸುವುದು (ಬಫಿಂಗ್), ಪಾಲಿಶ್, ಕೊನೆಯಲ್ಲಿ ವ್ಯಾಕ್ಸ್ ಎಂದು ತಾವು ಅಂದಾಜು ಪಟ್ಟಿಯಲ್ಲಿ ಒಂದೊಂದು ಹಂತಕ್ಕೂ ಪ್ರತ್ಯೇಕ ದರ ಬರೆದುಕೊಟ್ಟಿದ್ದೀರಿ. ಜಿಎಸ್‌ಟಿ ಸಹಿತ ಪೂರ್ಣ ಹಣವನ್ನು ಪಾವತಿಸಿದ್ದೇನೆ. ನಡೆದಿರುವುದು ಮಾತ್ರ ಮೊದಲ ಹಂತ ಮತ್ತು ಕೊನೆಯ ಹಂತ.

ದೋಣಿ ಕೈಸೇರಿದ ದಿನ ಹೊಳೆಯುತ್ತಿದ್ದುದು ನಿಜ. ಆದರೆ ಪ್ರವಾಸಿಗರ ಓಡಾಟ ಶುರುವಾಗಿ ಕೆಲವೇ ವಾರಗಳಲ್ಲಿ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಬಲಮಗ್ಗುಲಿನಲ್ಲಿ ಬೂದುಬಣ್ಣದ ಪಟ್ಟೆಗಳು ಎದ್ದವು. ಈಗ ಅಂಗೈಯಿಂದ ಸವರಿದರೆ ನೀಲಿ ಬೆರೆತ ಬಿಳಿ ಪುಡಿ ಕೈಗೆ ಹತ್ತುತ್ತದೆ. ನೀರು ಎರಚಿದರೆ ಅದೇ ಜಾಗ ಕಡುನೀಲಿಯಾಗಿ ಕಾಣಿಸುತ್ತದೆ, ಒಣಗುತ್ತಿದ್ದಂತೆ ಮತ್ತೆ ಬೂದಾಗುತ್ತದೆ. ಮೊನ್ನೆ ದೋಣಿಗೆ ಒರಗಿ ಇಳಿದ ಹಿರಿಯರೊಬ್ಬರ ಬಿಳಿ ಪಂಚೆಗೆ ಈ ಪುಡಿ ಮೆತ್ತಿಕೊಂಡು, ಅವರ ಮುಂದೆ ನಾನು ತಲೆ ತಗ್ಗಿಸಬೇಕಾಯಿತು.

ಫೈಬರ್ ದೋಣಿಯ ಬಣ್ಣವು ಮೇಲೆ ಬಳಿದ ಪೇಂಟ್ ಅಲ್ಲ, ಅದು ಅರ್ಧ ಮಿಲಿಮೀಟರ್‌ನ ಆಸುಪಾಸಿನ ದಪ್ಪದ ಜೆಲ್‌ಕೋಟ್ ಎಂಬ ರಾಳದ ಪದರ ಎಂಬುದು ತಮಗೆ ತಿಳಿಯದ ಸಂಗತಿಯಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಈ ರಾಳದ ಮೇಲ್ಭಾಗ ಶಿಥಿಲವಾಗಿ ಸುಣ್ಣದಂತೆ ಪುಡಿಯಾಗುತ್ತದೆ; ಆ ಸತ್ತ ಪದರವನ್ನು 800ರಿಂದ ಆರಂಭಿಸಿ 1000, 1500, 2000 ಎಂದು ಹೆಚ್ಚೆಚ್ಚು ನಯವಾಗುತ್ತ ಹೋಗುವ ನಂಬರಿನ ವಾಟರ್ ಪೇಪರ್‌ಗಳಿಂದ ನೀರು ಹಾಕುತ್ತ ಉಜ್ಜಿ ತೆಗೆದು, ಉಣ್ಣೆಯ ಪ್ಯಾಡಿನಲ್ಲಿ ಕಾಂಪೌಂಡ್ ಹಿಡಿದು, ಸ್ಪಂಜಿನ ಪ್ಯಾಡಿನಲ್ಲಿ ಪಾಲಿಶ್ ಮಾಡಿದ ಮೇಲೆಯೇ ವ್ಯಾಕ್ಸ್‌ಗೆ ಅರ್ಥವಿದೆ. ವ್ಯಾಕ್ಸ್ ಹೊಳಪನ್ನು ಕಾಯಬಲ್ಲದೇ ಹೊರತು ಇಲ್ಲದ ಹೊಳಪನ್ನು ಹುಟ್ಟಿಸಲಾರದು. ಪುಡಿಯಾದ ಮೇಲ್ಮೈಗೆ ಅದನ್ನು ಬಳಿದರೆ ರಂಧ್ರಗಳು ತುಂಬಿ ಕೆಲ ದಿನ ಹೊಸದರಂತೆ ಕಾಣುತ್ತದೆ, ಅಷ್ಟೆ.

ಉಜ್ಜುವ ಕೆಲಸ ನಡೆದೇ ಇಲ್ಲ ಎಂದು ನಾನು ಊಹೆಯಿಂದ ಹೇಳುತ್ತಿಲ್ಲ. ಹಗ್ಗ ಕಟ್ಟುವ ಗೂಟದ ಬೋಲ್ಟಿನಿಂದ ಇಳಿದ ತುಕ್ಕಿನ ಕಂದು ಗೆರೆ ಮೊದಲು ಇದ್ದಲ್ಲಿಯೇ ಇದೆ, ಅದರ ಮೇಲೆ ಒಣಗಿದ ವ್ಯಾಕ್ಸ್‌ನ ವೃತ್ತಾಕಾರದ ಗುರುತುಗಳಿವೆ. ಆಕ್ಸಾಲಿಕ್ ಆಮ್ಲವಿರುವ ಕ್ಲೀನರ್ ಒಮ್ಮೆ ಹಚ್ಚಿದ್ದರೂ ಆ ಗೆರೆ ಅಷ್ಟು ದಟ್ಟವಾಗಿ ಉಳಿಯುತ್ತಿರಲಿಲ್ಲ. ನೋಂದಣಿ ಸಂಖ್ಯೆಯ ಅಕ್ಷರಗಳ ಸಂದಿಯಲ್ಲಿ ಹಳೆಯ ಪುಡಿ ಹಾಗೆಯೇ ಕುಳಿತಿದೆ. ಛಾಯಾಚಿತ್ರಗಳನ್ನು ಲಗತ್ತಿಸಿದ್ದೇನೆ.

ನಾನು ಫೋನಿನಲ್ಲಿ ತಿಳಿಸಿದ ನಂತರ ತಾವು ಕಳುಹಿಸಿದ ಕೆಲಸಗಾರರಿಂದ ಹಾನಿ ಇನ್ನಷ್ಟು ಹೆಚ್ಚಿತು. ಅವರು ಸುಡುಬಿಸಿಲಿನಲ್ಲಿ, ಮೇಲ್ಮೈಯನ್ನು ತಣಿಸದೆ, ಬಫಿಂಗ್ ಯಂತ್ರವನ್ನು ದೋಣಿಯ ಮೂತಿಯ ಅಂಚಿನಲ್ಲಿ ಒಂದೇ ಕಡೆ ಒತ್ತಿ ಹಿಡಿದರು. ಅಂಚುಗಳಲ್ಲಿ ಜೆಲ್‌ಕೋಟ್ ಬೇಗ ಸವೆಯುತ್ತದೆ ಎಂದು ನಾನು ಎಚ್ಚರಿಸುತ್ತಿದ್ದಂತೆಯೇ ಅದು ಸವೆದು, ಅಂಗೈಯಗಲದ ಜಾಗದಲ್ಲಿ ಒಳಗಿನ ಗಾಜುನಾರಿನ ನೇಯ್ಗೆ ಕಾಣಿಸಿಕೊಂಡಿದೆ. ಅಲೆ ಮೊದಲು ಬಡಿಯುವ ಜಾಗವೇ ಅದು. ಅಲ್ಲಿಂದ ಉಪ್ಪುನೀರು ನಾರಿಗೆ ಇಳಿಯುವುದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಸಾಲದ್ದಕ್ಕೆ, ನೀರಿನ ಮಟ್ಟದ ಗೆರೆಯ ಕೆಳಗೂ ವ್ಯಾಕ್ಸ್ ಬಳಿದಿರುವುದರಿಂದ, ಚಿಪ್ಪುಜೀವಿಗಳು ಹಿಡಿಯದಂತೆ ನಾನು ನಂತರ ಹಚ್ಚಿಸಿದ ತಳದ ಬಣ್ಣ ಹಿಡಿತ ಸಿಗದೆ ಪದರ ಪದರವಾಗಿ ಉದುರುತ್ತಿದೆ.

ಕಡಲ ತೀರದಲ್ಲಿ ವ್ಯಾಕ್ಸ್ ಇಷ್ಟೇ ದಿನ ಬಾಳುವುದು ಎಂಬ ತಮ್ಮ ಉತ್ತರ ನನ್ನ ದೂರಿಗೆ ಸಂಬಂಧಿಸಿದ್ದಲ್ಲ. ವ್ಯಾಕ್ಸ್ ಕರಗಿಹೋಗುವುದು ಸಹಜ, ಅದನ್ನು ಮತ್ತೆ ಹಚ್ಚಿಸಿಕೊಳ್ಳುವುದು ನನ್ನ ಜವಾಬ್ದಾರಿ. ಅದರ ಕೆಳಗೆ ಆಗಬೇಕಿದ್ದ ಕೆಲಸಕ್ಕೆ ಹಣ ಪಡೆದು, ಅದನ್ನು ಮಾಡದೇ ಬಿಟ್ಟದ್ದು ನನ್ನ ಆಕ್ಷೇಪ.

ಆದ್ದರಿಂದ ಮೂತಿಯ ಹಾನಿಯನ್ನು ಬಣ್ಣ ಹೊಂದುವ ಜೆಲ್‌ಕೋಟ್‌ನಿಂದ ತಮ್ಮ ಖರ್ಚಿನಲ್ಲಿ ಅನುಭವಿ ಕೆಲಸಗಾರರಿಂದ ತುಂಬಿಸಿಕೊಡಬೇಕು. ತಳದ ವ್ಯಾಕ್ಸ್ ತೆಗೆದು ಬಣ್ಣವನ್ನು ಹೊಸದಾಗಿ ಹಚ್ಚಿಕೊಡಬೇಕು. ಉಜ್ಜುವಿಕೆ, ಬಫಿಂಗ್ ಮತ್ತು ಪಾಲಿಶ್‌ಗೆಂದು ಪಡೆದ ಹಣವನ್ನು ಹಿಂದಿರುಗಿಸಬೇಕು. ಆ ಮೂರು ಹಂತಗಳನ್ನು ಮತ್ತೆ ತಮ್ಮ ಕೈಯಲ್ಲಿ ಮಾಡಿಸುವ ಧೈರ್ಯ ನನಗಿಲ್ಲ, ಏಕೆಂದರೆ ಜೆಲ್‌ಕೋಟ್ ಸವೆದಷ್ಟೂ ಮರಳಿ ಬಾರದು.

ಈ ದೋಣಿಯನ್ನು ನಾನೇ ನಡೆಸುತ್ತೇನೆ, ನನ್ನ ಮನೆಯ ಜೀವನ ಇದರ ದುಡಿಮೆಯಿಂದಲೇ ಸಾಗುತ್ತದೆ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇತಿ,
ದೋಣಿಯ ಮಾಲೀಕರು

ಲಗತ್ತು: ಅಂದಾಜು ಪಟ್ಟಿ, ಪಾವತಿ ರಶೀದಿ, ಛಾಯಾಚಿತ್ರಗಳು.