ಗೇಮ್ ಸಂಗೀತಕ್ಕೂ ಜಾಗ ಕೊಡಿ

ಸಂಪಾದಕರೇ,

ವಿಡಿಯೊ ಗೇಮ್ ಸಂಗೀತ ಅಂದರೆ ಬರೀ ಗದ್ದಲ ಎಂದು ನಮ್ಮ ಸಂಗೀತದವರು ಮೂಗು ಮುರಿಯುತ್ತಾರೆ. ನಾನು ಮಕ್ಕಳಿಗೆ ಕೊಳಲು ಹೇಳಿಕೊಡುವವಳು. ಮಗ ಆಡುವ ‘ಜೆಲ್ಡಾ’ ಸರಣಿಯ ಟ್ಯೂನ್‌ಗಳು ನನಗೂ ಬಾಯಿಪಾಠವಾಗಿವೆ. ಅದಕ್ಕೆ ಕಾರಣವಿದೆ. 1998ರ ‘ಒಕರಿನಾ ಆಫ್ ಟೈಮ್’ನಲ್ಲಿ ಸುಮ್ನೆ ಕೇಳಿದರೆ ಸಾಲದು, ಆಡುವವರೇ ಒಕರಿನಾ ಎಂಬ ಪುಟ್ಟ ಊದುವ ವಾದ್ಯವನ್ನು ಕಂಟ್ರೋಲರ್‌ನ ಗುಂಡಿ ಒತ್ತಿ ನುಡಿಸಬೇಕು. ಇರುವುದು ಐದೇ ಗುಂಡಿ, ಐದೇ ಸ್ವರ. ಸಂಯೋಜಕ ಕೋಜಿ ಕೊಂಡೊ ಅಷ್ಟರಲ್ಲೇ ಆ ವಾದ್ಯದ ಟ್ಯೂನ್‌ಗಳನ್ನು ಕಟ್ಟಿದ್ದಾರೆ. ಮೂರು ಸ್ವರದ ಒಂದು ತುಣುಕನ್ನು ಎರಡು ಸಲ ನುಡಿಸಿದರೆ ಮಳೆಯೇ ಸುರಿಯುತ್ತದೆ! ಹಾಡಿದರೆ ಮಳೆ ಬರುತ್ತದೆ ಎನ್ನುವ ನಮ್ಮ ಅಮೃತವರ್ಷಿಣಿ ರಾಗದ ಕಥೆ ನೆನಪಾಗುತ್ತದೆ, ಅಲ್ವಾ? ಇದೇ ಸರಣಿಯ 2017ರ ‘ಬ್ರೆತ್ ಆಫ್ ದ ವೈಲ್ಡ್’ ಆಟದಲ್ಲಿ ಮಾತ್ರ ಮೌನವೇ ಜಾಸ್ತಿ, ಆಗೀಗ ಪಿಯಾನೊ. ನನಗೆ ಅದು ಅಷ್ಟಾಗಿ ಹಿಡಿಸಿಲ್ಲ. ನಿಮ್ಮ ಸಂಗೀತ ಪುಟದಲ್ಲಿ ಇಂಥದ್ದಕ್ಕೂ ಒಂದು ಕಾಲಂ ಇರಲಿ.

– ಕೊಳಲು ಶಿಕ್ಷಕಿ, ಮೈಸೂರು