ಡಿಸೈನ್‌ಸೇಫ್ ಖಾತೆ ಶನಿವಾರದೊಳಗೆ ಮಾಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಭೂಕಂಪ ಸಿಮ್ಯುಲೇಶನ್ ಕೆಲಸಕ್ಕೆ ಹೆಸರು ಕೊಟ್ಟವರು ಮಾತ್ರ ಓದಿ, ಉಳಿದವರು ಬಿಟ್ಟುಬಿಡಿ.

ಈ ಶನಿವಾರ ರಾತ್ರಿ 8ಕ್ಕೆ (ಅಮೆರಿಕದಲ್ಲಿರುವವರಿಗೆ ಬೆಳಗ್ಗೆ) ಕಾಲ್ ಇದೆ. ಅಷ್ಟರಲ್ಲಿ ಡಿಸೈನ್‌ಸೇಫ್‌ನಲ್ಲಿ (ಭೂಕಂಪ ಸಂಶೋಧನೆಯ ಡೇಟಾ ಇಡುವ, ಸಿಮ್ಯುಲೇಶನ್ ಓಡಿಸುವ ವೆಬ್‌ಸೈಟ್) ಖಾತೆ ತೆರೆಯಿರಿ, ದುಡ್ಡು ಕೊಡಬೇಕಾಗಿಲ್ಲ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದವರು ನಡೆಸುವುದು ಇದು. 2014ರಲ್ಲಿ ಮುಗಿದ ನೀಸ್ ಜಾಲದ (ಅಮೆರಿಕದ ಭೂಕಂಪ ಪ್ರಯೋಗಾಲಯಗಳದ್ದು) ಹಳೇ ಶೇಕ್ ಟೇಬಲ್ (ಕಟ್ಟಡದ ಮಾದರಿಗಳನ್ನು ಅಲುಗಾಡಿಸಿ ನೋಡುವ ವೇದಿಕೆ) ಪ್ರಯೋಗಗಳ ಡೇಟಾ ಕೂಡ ಇಲ್ಲೇ ಇದೆ, ಬೇರೆ ಕಡೆ ಹುಡುಕಬೇಡಿ.

ಯೂಸರ್‌ನೇಮ್ ನನಗೆ ಕಳಿಸಿ (ಪಾಸ್‌ವರ್ಡ್ ಬೇಡ ಮಾರಾಯ್ರೆ!), ಪ್ರಾಜೆಕ್ಟ್‌ಗೆ ಸೇರಿಸುತ್ತೇನೆ. ಫೈಲುಗಳನ್ನು ಪ್ರಾಜೆಕ್ಟ್‌ನಲ್ಲೇ ಹಾಕಿ. ‘ಮೈ ಡೇಟಾ’ದಲ್ಲಿಟ್ಟರೆ ನಿಮಗೊಬ್ಬರಿಗೇ ಕಾಣುವುದು. ನಮ್ಮ ಸಿಮ್ಯುಲೇಶನ್ ಸಾಫ್ಟ್‌ವೇರ್ ಓಪನ್‌ಸೀಸ್ ಡಿಸೈನ್‌ಸೇಫ್‌ನಲ್ಲೇ ಓಡುತ್ತದೆ, ಸುಮ್ನೆ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುವ ತಲೆನೋವು ಯಾಕೆ?

ಇನ್ನೊಂದು, ಇದೇ ಜಾಸ್ತಿ ಮುಖ್ಯ. ನೆಲದ ಕಂಪನದ ಪ್ರತಿ ಫೈಲಿನ ಜೊತೆ ಯೂನಿಟ್ ಮತ್ತು ಟೈಮ್ ಸ್ಟೆಪ್ (ಒಂದು ಅಳತೆಗೂ ಮುಂದಿನದಕ್ಕೂ ನಡುವಿನ ಸಮಯ) ಬರೆದಿಡಿ. ‘ಜಿ’ (ಗುರುತ್ವ ವೇಗೋತ್ಕರ್ಷ) ಲೆಕ್ಕದಲ್ಲಿದೆಯೋ, ಮೀಟರ್ ಪರ್ ಸೆಕೆಂಡ್ ಸ್ಕ್ವೇರ್‌ನಲ್ಲಿದೆಯೋ ತಿಳಿಯದೆ ಓಡಿಸಿದರೆ ಕಂಪನವೇ 9.81 ಪಟ್ಟು ಹೆಚ್ಚುಕಮ್ಮಿ ಆಗುತ್ತದೆ, ಸಾಫ್ಟ್‌ವೇರ್ ಮಾತ್ರ ಏನೂ ಆಗದವರಂತೆ ಉತ್ತರ ಕೊಟ್ಟುಬಿಡುತ್ತದೆ.

ಸದ್ಯಕ್ಕೆ ಯಾರೂ ‘ಪಬ್ಲಿಶ್’ ಒತ್ತಬೇಡಿ. ಡಿಒಐ (ಪ್ರಕಟವಾದ ಡೇಟಾಗೆ ಸಿಗುವ ಶಾಶ್ವತ ಗುರುತಿನ ಸಂಖ್ಯೆ) ಸಿಕ್ಕ ಮೇಲೆ ಆ ಡೇಟಾ ಅಳಿಸುವ ಹಾಗಿಲ್ಲ.

ಕಾಲ್‌ಗೆ ಬರುವವರು ಗುರುವಾರದೊಳಗೆ ‘ಬರ್ತೀನಿ’ ಅಂತ ಹಾಕಿ. ಖಾತೆ ತೆರೆಯುವಾಗ ಸಿಕ್ಕಿಹಾಕಿಕೊಂಡರೆ ಸ್ಕ್ರೀನ್‌ಶಾಟ್ ಇಲ್ಲೇ ಕಳಿಸಿ.