ಹಳೆ ಕಾರಿನ ವೈರಿಂಗಿಗೆ ಸಿಕ್ಕಸಿಕ್ಕ ಬಣ್ಣ ಬೇಡ

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲಿ ಹಳೆ ಬ್ರಿಟಿಷ್ ಮಾರಿಸ್, ಎಂಜಿ ಕಾರು ಮತ್ತೆ ಸಿದ್ಧಪಡಿಸುವವರು ಪೇಂಟಿನಷ್ಟೇ ಕಾಳಜಿಯನ್ನು ವೈರಿಂಗಿಗೂ ಕೊಡಬೇಕು. ಈ ಕಾರುಗಳ ವಿದ್ಯುತ್ ಭಾಗ ಮಾಡುತ್ತಿದ್ದ ಲ್ಯೂಕಾಸ್ ಕಂಪನಿಯ ಪದ್ಧತಿಯಲ್ಲಿ ಕಂದು ವೈರು ಬ್ಯಾಟರಿಯಿಂದ ನೇರ, ಫ್ಯೂಸ್ ಇಲ್ಲದೆ ಬರುತ್ತದೆ, ಬಿಳಿ ಇಗ್ನಿಷನ್ ಕೀಯಿಂದ, ಅದೇ ಕರೆಂಟು ಫ್ಯೂಸ್ ದಾಟಿದರೆ ಹಸಿರು, ಕಪ್ಪು ಅರ್ತ್. ಎಲ್ಲಕ್ಕೂ ಕೆಂಪು ವೈರೇ ಎಳೆದರೆ ಮುಂದೆ ದೋಷ ಹುಡುಕುವುದು ಹೇಗೆ?

ಫ್ಯೂಸಿನಲ್ಲೇ ಹೆಚ್ಚು ಎಡವುತ್ತಾರೆ. ಲ್ಯೂಕಾಸ್ ಗಾಜಿನ ಫ್ಯೂಸಿನ ಮೇಲಿನ 35 ಆಂಪ್ ಅದು ಸುಟ್ಟುಹೋಗುವ ಮಟ್ಟ. ಸತತ ತಾಳುವುದು 17 ಮಾತ್ರ. 35 ಆಂಪ್ ಸತತ ತಾಳುವ ಈಗಿನ ಸಾದಾ ಫ್ಯೂಸ್ ಹಾಕಿದರೆ ಅದು ಹೋಗುವ ಮೊದಲೇ ವೈರಿನ ಹೊದಿಕೆ ಕರಗೀತು. ನಮ್ಮ ಬಿಸಿಲಿಗೆ ಒಣಗಿ ಸೀಳಿದ ರಬ್ಬರ್ ಗ್ರಾಮೆಟ್ (ವೈರು ತಗಡು ದಾಟುವ ತೂತಿನ ಬಳೆ) ಬದಲಿಸಿ, ಇಲ್ಲದಿದ್ದರೆ ತಗಡಿನ ಅಂಚು ಕಂದು ವೈರನ್ನು ಕೊಯ್ಯುತ್ತದೆ. ಹಳೆ ಹಾರ್ನೆಸ್ (ವೈರುಗಳ ಕಟ್ಟು) ಬಿಚ್ಚುವ ಮುನ್ನ ಪ್ರತಿ ತುದಿಗೂ ಚೀಟಿ ಕಟ್ಟಿ.

– ಆಟೋ ಎಲೆಕ್ಟ್ರಿಷಿಯನ್, ಕೌಲ್ ಬಜಾರ್, ಬಳ್ಳಾರಿ